ಸೀಟಿನ ಅಚ್ಚುತ ಮತ್ತು ಸೇವ್ಯರ್ ಚೇಟನ ಮ್ಯಾಚ್‌ಲೆಸ್

ಕಡಬ ಪೇಟೆಯಲ್ಲಿ ಹಳ್ಳಿಗಳಿಗೆ ಹೋಗುವ ಜೀಪುಗಳು ನಿಲ್ಲುತ್ತವಲ್ಲ, ಅದರ ಎದುರಿಗೇ ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಒಂದು ಸಣ್ಣ ಕೋಣೆಯಲ್ಲಿ ಅಚ್ಚುತನ ಅಂಗಡಿ ಇದೆ. ಜೀಪು, ರಿಕ್ಷಾ, ಬೈಕುಗಳ ಹರಿದ ಸೀಟಿಗೆ ರೆಕ್ಸಿನ್ ಹೊಲಿಯುವುದು ಅವನ ಕಸುಬು. ಐವತ್ತೊಂದು ವರ್ಷದ ಅವನನ್ನು ಊರವರು ಸೀಟಿನ ಅಚ್ಚುತ ಎಂದೇ ಕರೆಯುತ್ತಾರೆ. ಕರೆಯುತ್ತಾರೆ ಅಂದರೆ ಅವನ ಬೆನ್ನ ಹಿಂದೆ ನಿಂತು ಕೂಗಿ ಪ್ರಯೋಜನವಿಲ್ಲ. ಎದುರಿಗೆ ಬಂದು, ಮುಖ ತೋರಿಸಿ, ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಅವನು ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಮನೆಯ ಅರೆಭಾಷೆಯ ಜೊತೆಗೆ ತುಳು, ಕನ್ನಡ, ಮಲಯಾಳ ಎಲ್ಲವನ್ನೂ ತುಟಿಯ ಮೇಲೇ ಓದುತ್ತಾನೆ. "ಬಾಯಲ್ಲಿ ಬೀಡ ಇಟ್ಟುಕೊಂಡು ಮಾತಾಡಿದ್ರೆ ಮಾತ್ರ ನಂಗೆ ಯಾವ ಭಾಷೆಯೂ ಬರುದಿಲ್ಲ" ಎಂದು ಅವನೇ ನಗುತ್ತಾನೆ.

ಒಂಬತ್ತನೆಯ ವಯಸ್ಸಿನಲ್ಲಿ ಬಂದ ಮೆದುಳು ಜ್ವರ ಅವನ ಜೀವ ಬಿಟ್ಟು ಕಿವಿ ತೆಗೆದುಕೊಂಡು ಹೋಗಿತ್ತು. ಬಲಗಿವಿಯಲ್ಲಿ ಏನೂ ಉಳಿಯಲಿಲ್ಲ. ಎಡಗಿವಿಗೆ ತಲೆಯ ಮೇಲೇ ಹೊಡೆಯುವ ಗುಡುಗು, ಪಕ್ಕದಲ್ಲೇ ಬಾರಿಸಿದ ಲಾರಿ ಹಾರ್ನು ಮಾತ್ರ ದೂರದಲ್ಲಿ ಯಾರೋ ಚಾಪೆ ಕೊಡವಿದಷ್ಟು ಕೇಳುತ್ತಿತ್ತು. ಜ್ವರಕ್ಕೆ ಮುಂಚಿನ ಸದ್ದುಗಳಲ್ಲಿ ಅವನಿಗೆ ಚೆನ್ನಾಗಿ ನೆನಪಿದ್ದದ್ದು ಸುಳ್ಯದ ಕಡೆಯ ತನ್ನ ಊರಿನ ಅಕ್ಕಿ ಮಿಲ್ಲಿನ ಎಂಜಿನಿನದು. ಅಪ್ಪನ ಜೊತೆ ಭತ್ತದ ಚೀಲದ ಮೇಲೆ ಕೂತು ಕೇಳಿದ, ಒಂದೊಂದೇ ಹೆಜ್ಜೆ ಎತ್ತಿಟ್ಟ ಹಾಗಿನ ದುಡುಂ ದುಡುಂ ಸದ್ದು. ಅಮ್ಮನ ಸ್ವರ ಹೇಗಿತ್ತು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಮಿಲ್ಲಿನದು ಹೇಗಿತ್ತು ಎಂದು ಕೇಳಿದರೆ ಈಗಲೂ ಮೇಜು ತಟ್ಟಿ ತೋರಿಸುತ್ತಾನೆ.

ಏಳನೆಯ ತರಗತಿಗೆ ಶಾಲೆ ನಿಂತಿತು. ಪುತ್ತೂರಿನ ಒಬ್ಬ ಬ್ಯಾರಿ ಮೇಸ್ತ್ರಿಯ ಬಳಿ ಹತ್ತು ವರ್ಷ ಸೀಟಿನ ಕೆಲಸ ಕಲಿತ. ಆಮೇಲೆ ಕಡಬಕ್ಕೆ ಬಂದು ಸ್ವಂತ ಮೆಷಿನ್ ಹಾಕಿದ. ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದ ಶೀಲಾವತಿಯನ್ನು ಮದುವೆಯಾದ. ಮಗಳು ಸುಪ್ರಿತಾ ಹುಟ್ಟಿದಳು, ಓದಿದಳು, ಈಗ ಪುತ್ತೂರಿನಲ್ಲಿ ನರ್ಸ್ ಆಗಿದ್ದಾಳೆ. ಹೇಳಿಕೊಳ್ಳುವಂಥ ಏರಿಳಿತ ಏನೂ ಇಲ್ಲದ ಬದುಕು. ಅದರೊಳಗೆ ಆ ಬೈಕು ಬಂದದ್ದು ಮೂರು ವರ್ಷದ ಹಿಂದೆ, ಮಳೆ ಬಿಟ್ಟ ಮೇಲೆ.

ನೆಲ್ಯಾಡಿ ದಾರಿಯಲ್ಲಿ ರಬ್ಬರ್ ತೋಟ ಇರುವ ಸೇವ್ಯರ್ ಎಂಬ ಮುದುಕರು ಅಂಗಡಿಗೆ ಬಂದರು. ಕೇರಳದಿಂದ ಬಂದು ಇಲ್ಲಿ ನೆಲೆಸಿದ ಮನೆತನ. ಊರಿಗೆಲ್ಲ ಅವರು ಸೇವ್ಯರ್ ಚೇಟ, ಅಂದರೆ ಅಣ್ಣ. ಎಪ್ಪತ್ತೆಂಟು ವರ್ಷವಾದರೂ ಬೆನ್ನು ಬಾಗಿರಲಿಲ್ಲ.

"ಒಂದು ಸೀಟು ಹೊಲಿಯಲಿಕ್ಕೆ ಉಂಟು" ಎಂದರು ಅಚ್ಚುತನ ಮುಖ ನೋಡಿ.

"ತನ್ನಿ ಚೇಟ."

"ತರುವ ಹಾಗಿಲ್ಲ ಮಾರಾಯ. ಬಿಚ್ಚಿದ್ರೆ ಪುಡಿ ಆಗ್ತದೆ. ನೀನೇ ಬರಬೇಕು."

ಮರುದಿನ ಅಚ್ಚುತ ತನ್ನ ಮೊಪೆಡ್ಡಿನಲ್ಲಿ ಅಳತೆಯ ಟೇಪು ಹಿಡಿದು ಹೋದ. ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಮೂಲೆಯಲ್ಲಿ, ಹಳೆಯ ಕಂಬಳಿಯ ಕೆಳಗೆ ಏನೋ ನಿಂತಿತ್ತು. ಚೇಟ ಕಂಬಳಿ ಎಳೆದರು.

ಅಚ್ಚುತ ಸಾವಿರ ಬೈಕಿನ ಸೀಟು ನೋಡಿದವನು. ಇಂಥದ್ದನ್ನು ನೋಡಿರಲಿಲ್ಲ. ಎತ್ತರಕ್ಕೆ ನಿಂತ ಮೈ, ಗಂಟು ಗಂಟಾಗಿ ಕಚ್ಚು ಕೊಯ್ದ ದಪ್ಪ ಟಯರು, ಬದಿಯಲ್ಲಿ ಮೇಲಕ್ಕೆ ಎತ್ತಿ ಕಟ್ಟಿದ ಸೈಲೆನ್ಸರು, ಎದ್ದು ನಿಂತ ಅಗಲದ ಹ್ಯಾಂಡಲ್. ಪೆಟ್ರೋಲ್ ಟ್ಯಾಂಕಿನ ಮೇಲೆ ರೆಕ್ಕೆ ಬಂದ ಇಂಗ್ಲಿಷ್ ಎಂ ಅಕ್ಷರ. ಮುಂದೆ ಲೈಟಿಲ್ಲ, ಹಾರ್ನಿಲ್ಲ, ಚಾವಿ ಹಾಕುವ ತೂತೂ ಇಲ್ಲ.

"ಮ್ಯಾಚ್‌ಲೆಸ್" ಎಂದರು ಚೇಟ. "ಇಂಗ್ಲೆಂಡಿನದ್ದು. ಐವತ್ತೊಂಬತ್ತನೇ ಇಸವಿ. ಸ್ಕ್ರಾಂಬ್ಲರ್ ಅಂತ ಹೇಳುದು. ಗುಡ್ಡ, ಕೆಸರು, ಹೊಂಡ ಹಾರಿಸಿ ಓಡಿಸುವ ಪಂದ್ಯಕ್ಕೆ ಅಂತಲೇ ಮಾಡಿದ್ದು. ಅದಕ್ಕೆ ಲೈಟು ಯಾಕೆ?"

ಚೇಟ ಹರೆಯದಲ್ಲಿ ಸಂಪಾಜೆ ಘಾಟಿಯ ಆಚೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಲ್ಲಿನ ಬಿಳಿಯ ಮ್ಯಾನೇಜರ್ ಈ ಬೈಕು ತರಿಸಿ ತೋಟದ ಏರುದಾರಿಗಳಲ್ಲಿ ಓಡಿಸುತ್ತಿದ್ದನಂತೆ. ಕೊನೆಗೆ ಊರಿಗೆ ಹೊರಟಾಗ ಕಾಗದಪತ್ರ ಸಮೇತ ಇವರಿಗೆ ಕೊಟ್ಟು ಹೋದನಂತೆ. "ನಾನು ಇದನ್ನು ಘಾಟಿ ಇಳಿಸಿಕೊಂಡು ಬಂದದ್ದು. ಬರುವಾಗ ಹೆದರಿಕೆಯಲ್ಲಿ ಎಲ್ಲ ಸಂತರ ಹೆಸರೂ ಹೇಳಿ ಮುಗಿದಿತ್ತು."

ಅಚ್ಚುತ ಬಗ್ಗಿ ಸೀಟಿನ ಅಳತೆ ತೆಗೆಯುತ್ತಿದ್ದ. ಒಂದು ಕೈ ಟ್ಯಾಂಕಿನ ಮೇಲಿತ್ತು. ಅವನಿಗೆ ಕಾಣದ ಬದಿಯಲ್ಲಿ ಚೇಟ ಏನೋ ತಿರುಗಿಸಿದರು, ಏನೋ ಒತ್ತಿದರು, ನಿಧಾನಕ್ಕೆ ಕಿಕ್ಕರಿನ ಮೇಲೆ ಹತ್ತಿ ಒಮ್ಮೆ ಇಳಿದರು.

ಮೊದಲು ಅಂಗೈ ನಡುಗಿತು. ಆಮೇಲೆ ಮೊಣಕೈ, ಹೆಗಲು, ಪಕ್ಕೆಲುಬು. ನೆಲದಿಂದ ಚಪ್ಪಲಿಯೊಳಗೆ ಬಂತು, ಕಾಲಿನಲ್ಲಿ ಏರಿ ಹೊಟ್ಟೆಯಲ್ಲಿ ಕೂತಿತು. ತಗಡಿನ ಮಾಡು, ತೂಗುಹಾಕಿದ ರಬ್ಬರ್ ಶೀಟು ಎಲ್ಲವೂ ಅದೇ ತಾಳಕ್ಕೆ ಅದುರುತ್ತಿರುವುದು ಅವನಿಗೆ ಕಣ್ಣಿಗೆ ಕಂಡಿತು. ಅದರ ಜೊತೆಗೆ, ಇದನ್ನು ಅವನು ಈವರೆಗೆ ಹೇಳಿದವರಲ್ಲಿ ಅರ್ಧ ಜನ ನಂಬಿಲ್ಲ, ಎಡಗಿವಿಯಲ್ಲಿ ಸದ್ದು ಬಂತು. ಚಾಪೆ ಕೊಡವಿದ್ದಲ್ಲ. ದುಡುಂ, ದುಡುಂ. ಒಂದೊಂದು ಬೇರೆ ಬೇರೆಯಾಗಿ, ಒಂದರ ಹಿಂದೆ ಒಂದು, ಭತ್ತದ ಚೀಲದ ಮೇಲೆ ಕೂತವನಿಗೆ ಕೇಳಿದ ಹಾಗೆಯೇ.

ಅವನ ಕೈಯಿಂದ ಟೇಪು ಬಿತ್ತು. ಎತ್ತಿಕೊಳ್ಳಬೇಕೆಂದು ಅವನಿಗೆ ತೋಚಲೂ ಇಲ್ಲ.

ಚೇಟ ಎಂಜಿನ್ ನಿಲ್ಲಿಸಿ ಅವನ ಮುಖವನ್ನೇ ನೋಡಿದರು. "ಎಂತಾಯ್ತು?"

"ಕೇಳ್ತದೆ" ಎಂದ ಅಚ್ಚುತ. ಮೊದಲೇ ಗಟ್ಟಿ ಸ್ವರ. ಆಗ ಅದು ಮನೆಯವರೆಗೆ ಹೋಗಿರಬೇಕು, ಚೇಟನ ಸೊಸೆ ಜೋಸ್ನಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಚೇಟ, ಕೇಳ್ತದೆ. ಇನ್ನೊಮ್ಮೆ ಮಾಡಿ."

ಚೇಟ ಇನ್ನೊಮ್ಮೆ ಮಾಡಿದರು. ಆ ದಿನ ಐದು ಸಲ ಮಾಡಿದರು.

ಸೀಟು ಹೊಲಿದು ಕೊಡುವಷ್ಟರಲ್ಲಿ ಆ ಬೈಕನ್ನು ಕೊಳ್ಳಬೇಕೆಂದು ಅಚ್ಚುತ ನಿರ್ಧರಿಸಿಯಾಗಿತ್ತು. ಆದರೆ ಕೇಳಲು ನಾಲಗೆ ಏಳಲಿಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಚೇಟ ಹೇಳಿದ ಬೆಲೆ ಕೊಡುತ್ತೇವೆಂದು ಎರಡು ಸಲ ಬಂದು ಹೋಗಿದ್ದರು ಎಂದು ಅವನಿಗೆ ಗೊತ್ತಾಗಿತ್ತು. ಚೇಟನೇ ಬಾಯಿ ಬಿಟ್ಟರು.

"ಅವರಿಗೆ ಇದನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಬೇಕಂತೆ. ನಿಂಗೆ?"

"ಓಡಿಸಬೇಕು."

"ನಿನ್ನ ಕಾಲಲ್ಲಿ ಶುರು ಆದ್ರೆ ನಿಂಗೆ ಕೊಡ್ತೇನೆ. ಆಗದಿದ್ರೆ ಆ ಮಾತು ಬಿಡುವ."

ಶೀಲಾವತಿಗೆ ಸಂಜೆ ಚಹಾ ಕುಡಿಯುವಾಗ ಹೇಳಿದ. ಉಳಿತಾಯದ ಹಣ ಹೋಗುತ್ತದೆಂದು ಅವಳು ಒಂದು ಮಾತೂ ಎತ್ತಲಿಲ್ಲ. ಅವಳ ಹೆದರಿಕೆ ಬೇರೆಯೇ ಇತ್ತು.

"ಮೊಪೆಡ್ಡಲ್ಲಿ ಹೋಗುವಾಗಲೇ ನೀವು ಬರುವವರೆಗೆ ನಂಗೆ ಜೀವ ಇರುದಿಲ್ಲ. ಹಿಂದೆ ಲಾರಿ ಬಂದದ್ದು ನಿಮಗೆ ಕೇಳುದಿಲ್ಲ. ಆ ಬೈಕಲ್ಲಿ ಕೂತ್ರೆ ಕಿವಿ ಇದ್ದವರಿಗೂ ಕೇಳ್ಲಿಕ್ಕಿಲ್ಲ."

"ಹಾಗಾದ್ರೆ ನಾನೂ ಅವರೂ ಸಮ ಆಯ್ತಲ್ಲ."

ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಸಿಟ್ಟೂ ಬಂತು. ಲೋಟ ಎತ್ತಿಕೊಂಡು ಒಳಗೆ ಹೋದಳು.

ಪ್ರತಿ ಭಾನುವಾರ ಚೇಟನ ಅಂಗಳದಲ್ಲಿ ಪಾಠ. ಚೇಟ ಇಗರ್ಜಿಯಿಂದ ಬಂದು ಬಿಳಿ ಪಂಚೆ ಮೇಲೆ ಕಟ್ಟಿ ನಿಲ್ಲುತ್ತಿದ್ದರು. ಪೆಟ್ರೋಲ್ ಬಿಡಬೇಕು, ಕಾರ್ಬುರೇಟರಿನ ಗುಂಡಿಯನ್ನು ಬೆರಳು ಒದ್ದೆಯಾಗುವ ತನಕ ಒತ್ತಬೇಕು, ಹ್ಯಾಂಡಲಿನ ಸಣ್ಣ ಲಿವರ್ ಎಳೆದು ಕಿಡಿಯನ್ನು ತಡ ಮಾಡಬೇಕು. ಆಮೇಲೆ ಕಿಕ್ಕರನ್ನು ಮೆಲ್ಲ ಒತ್ತುತ್ತಾ ಹೋದರೆ ಒಂದು ಕಡೆ ಕಲ್ಲಿನ ಹಾಗೆ ತಡೆಯುತ್ತದೆ. ಆ ತಡೆಯನ್ನು ಒಂದೇ ಒಂದು ಕೂದಲೆಳೆ ದಾಟಿಸಿ, ಮೇಲಕ್ಕೆ ಬಿಟ್ಟು, ಇಡೀ ಮೈಯ ಭಾರ ಹಾಕಿ ಇಳಿಯಬೇಕು. ಕೂದಲೆಳೆ ತಪ್ಪಿದರೆ ಬೈಕು ತಿರುಗಿ ಒದೆಯುತ್ತದೆ. ಮೊದಲ ಭಾನುವಾರ ಅದು ಅಚ್ಚುತನನ್ನು ಸಗಣಿ ಸಾರಿಸಿದ ಅಂಗಳದಲ್ಲಿ ಕೂರಿಸಿತು. ಎರಡನೆಯ ಭಾನುವಾರ ಮೊಣಕಾಲಿನ ಕೆಳಗೆ ನೇರಳೆ ಬಣ್ಣದ ಬಾವು.

"ಸದ್ದು ಕೇಳಿ ಗೊತ್ತು ಮಾಡಬೇಕಾದ್ದು. ಒಳಗೆ ಉಸ್ಸ್ ಅಂತದೆ. ನಿಂಗೆ ಅದು ಹೇಗೆ ಹೇಳಿಕೊಡುದು?" ಚೇಟ ತಲೆ ಕೆರೆದುಕೊಂಡರು.

ಕೇಳುವುದರಿಂದ ಆಗದಿದ್ದದ್ದು ಕೊನೆಗೆ ಕಸುಬಿನಿಂದ ಆಯಿತು. ದಪ್ಪ ರೆಕ್ಸಿನ್ ಎರಡು ಪದರ ಮಡಚಿ ಹೊಲಿಯುವಾಗ ಸೂಜಿ ಒಳಹೋಗುವ ಮುಂಚೆ ಒಂದು ಕ್ಷಣ ಅನುಮಾನಿಸುತ್ತದೆ. ಕಾಲಿನ ಹಲಗೆಯ ಮೇಲಿರುವ ಪಾದಕ್ಕೆ ಅದು ತಿಳಿಯುತ್ತದೆ. ಮೂವತ್ತು ವರ್ಷ ಆ ಅನುಮಾನವನ್ನು ತಿಳಿದ ಪಾದ ಅವನದು. ಐದನೆಯ ಭಾನುವಾರ ಚಪ್ಪಲಿ ಬಿಚ್ಚಿಟ್ಟು, ಬರಿಗಾಲನ್ನು ಕಿಕ್ಕರಿನ ಮೇಲಿಟ್ಟು ಕಣ್ಣು ಮುಚ್ಚಿದ. ಒತ್ತಿದ. ತಡೆ ಸಿಕ್ಕಿತು. ಆ ತಡೆಯ ಒಳಗೇ ಇನ್ನೊಂದು, ಬಹಳ ಸಣ್ಣದು, ಸಿಕ್ಕಿತು. ಅಲ್ಲಿಂದ ಮೇಲೆ ಬಿಟ್ಟು ಇಳಿದ.

ಕಣ್ಣು ಬಿಟ್ಟಾಗ ಚೇಟ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ರಸ್ತೆಗೆ ತರುವುದೇನೂ ಸುಲಭವಾಗಲಿಲ್ಲ. ಸಣ್ಣ ಬ್ಯಾಟರಿ ಇಟ್ಟು ಲೈಟು, ಹಾರ್ನು ಹಾಕಿಸಬೇಕಾಯಿತು. ಹಿಂದೆ ಕೂರುವವರಿಗೆ ಕಾಲಿಡಲು ಕೊಂಡಿ ಬೆಸೆಯಬೇಕಾಯಿತು. ಎರಡೂ ಬದಿಗೆ ಅವನು ಅಂಗೈಗಿಂತ ದೊಡ್ಡ ಕನ್ನಡಿ ಹಾಕಿಸಿದ. ಚೇಟನ ಕಾಗದಗಳು ರಾಜ್ಯಕ್ಕೆ ಮೈಸೂರು ಎಂದೇ ಹೆಸರಿದ್ದ ಕಾಲದವು. ಅವನ್ನು ಹಿಡಿದು ಪುತ್ತೂರಿನ ಸಾರಿಗೆ ಕಚೇರಿಗೆ ಎಷ್ಟು ಸಲ ಹೋದನೋ ಅವನೇ ಲೆಕ್ಕ ಇಡಲಿಲ್ಲ. ಕೊನೆಗೆ ಪರೀಕ್ಷೆಯ ದಿನ ಬೈಕನ್ನು ಪಿಕ್‌ಅಪ್ಪಿನಲ್ಲಿ ಹೇರಿಕೊಂಡು ಹೋದ. ಇನ್ಸ್‌ಪೆಕ್ಟರ್ ನಡುವಯಸ್ಸಿನ, ಗಂಭೀರ ಮುಖದ ಮನುಷ್ಯ. ಕನ್ನಡಿ ನೋಡಿದರು, ಬ್ರೇಕು ನೋಡಿದರು, ಅಚ್ಚುತನ ಲೈಸೆನ್ಸ್ ನೋಡಿದರು.

"ಹಾರ್ನು ಸರಿ ಉಂಟಾ?"

ಅಚ್ಚುತ ಒಂದು ಬೆರಳನ್ನು ಹಾರ್ನಿನ ಮೇಲಿಟ್ಟು, ಇನ್ನೊಂದರಲ್ಲಿ ಗುಂಡಿ ಒತ್ತಿದ. "ಸರಿ ಉಂಟು ಸರ್. ನಡುಗ್ತದೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಳಿಸಿ ಅವನನ್ನು ನೋಡಿದರು. ಆಮೇಲೆ ಶುರು ಮಾಡಲು ಹೇಳಿದರು. ಲೈಸೆನ್ಸಿಗಾಗಿ ಮೈದಾನದಲ್ಲಿ ಬೈಕಿನಲ್ಲಿ ಎಂಟು ಬರೆಯಲು ಬಂದವರು, ಲಾರಿಯವರು, ಒಳಗಿನ ಗುಮಾಸ್ತರು ಎಲ್ಲ ಬಂದು ಸುತ್ತ ನಿಂತರು. ಯಾರೂ ಮಾತಾಡಲಿಲ್ಲ, ಇದು ಅಚ್ಚುತನಿಗೆ ತುಟಿಗಳಿಂದ ಗೊತ್ತಾಯಿತು. ಇನ್ಸ್‌ಪೆಕ್ಟರ್ ಮೆಲ್ಲ ಬಂದು, ಕೇಳದೆ, ಟ್ಯಾಂಕಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ಫೆಬ್ರವರಿಯ ಒಂದು ಭಾನುವಾರ, ಬೆಳಗ್ಗೆ ಆರಕ್ಕೆ, ಅಚ್ಚುತ ಬೈಕನ್ನು ಅಂಗಳಕ್ಕೆ ಇಳಿಸಿದ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ, ಚೇಟ ಅಂದು ಇಳಿಸಿಕೊಂಡು ಬಂದ ದಾರಿಯಲ್ಲಿ ಮಡಿಕೇರಿಯವರೆಗೆ ಹೋಗಿಬರುವುದು ಅವನ ಯೋಚನೆ. ಹೊರಡುವಾಗ ನೋಡುತ್ತಾನೆ, ಶೀಲಾವತಿ ಚೂಡಿದಾರ ಹಾಕಿ, ಸುಪ್ರಿತಾಳ ಹೆಲ್ಮೆಟ್ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದಾಳೆ.

"ನಾನೂ ಬರ್ತೇನೆ. ಹಿಂದಿನಿಂದ ಎಂತ ಬರ್ತದೆ ಅಂತ ನಿಮಗೆ ಹೇಳುದು ಯಾರು?"

ಅವಳೇ ಕ್ರಮ ಹೇಳಿದಳು. ವಾಹನ ಹಿಂದೆ ಬಂದರೆ ಬೆನ್ನಿಗೆ ಒಂದು ತಟ್ಟು. ಮುಂದೆ ಹೋಗಲು ನೋಡಿದರೆ ಬಲ ಹೆಗಲಿಗೆ ಎರಡು. ಎಂತದೇ ಆಗಲಿ, ನಿಲ್ಲಿಸಬೇಕೆಂದರೆ ಸೊಂಟ ಗಟ್ಟಿ ಹಿಡಿಯುವುದು.

ಪಂಜ, ಬೆಳ್ಳಾರೆ ದಾಟುವವರೆಗೆ ಅಚ್ಚುತ ಉಸಿರು ಬಿಗಿಹಿಡಿದೇ ಓಡಿಸಿದ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಎಲ್ಲವೂ ತಿರುಗುಮುರುಗು. ಸುಳ್ಯ ಕಳೆದು ಅರಂತೋಡಿನ ಉದ್ದ ದಾರಿ ಸಿಕ್ಕಿದಾಗ ಮೈ ಸಡಿಲವಾಯಿತು. ಪಯಸ್ವಿನಿ ಹೊಳೆ ಬದಿಯಲ್ಲಿ ಹಾವಿನಂತೆ ಜೊತೆಗೆ ಬರುತ್ತಿತ್ತು. ರಸ್ತೆ ಕೆಳಗಿನಿಂದ ಮೈಯೊಳಗೆ ಬರುತ್ತಿತ್ತು. ಹೊಸ ಡಾಮರು ಒಂದು ತರ, ತೇಪೆ ಹಾಕಿದ್ದು ಒಂದು ತರ, ಸೇತುವೆಯ ಕಾಂಕ್ರೀಟು ಇನ್ನೊಂದು ತರ. ಇಷ್ಟು ವರ್ಷ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಹೋಗಿದ್ದರೂ ತಾನು ಈ ರಸ್ತೆಯನ್ನು ಬರೀ ನೋಡಿದ್ದೆ ಎಂದು ಅವನಿಗೆ ಅನ್ನಿಸಿತು. ಏರು ಬಂದಾಗ ಎಂಜಿನ್ ಏದುಸಿರು ಬಿಡಲಿಲ್ಲ, ಅವಸರ ಮಾಡಲಿಲ್ಲ. ಒಂದೊಂದೇ ಹೆಜ್ಜೆ ಎತ್ತಿಟ್ಟು ಘಾಟಿ ಏರಿತು. ಹಿಂದೆ ಶೀಲಾವತಿಯ ಕೈ ತಟ್ಟುತ್ತಿತ್ತು, ಬೆನ್ನಿಗೆ ಒಂದು, ಹೆಗಲಿಗೆ ಎರಡು. ಬಸ್ಸು ಬಂತು, ಹೋಯಿತು. ಮರದ ಲಾರಿ ಬಂತು, ಹೋಯಿತು.

ಕೊಯನಾಡು ದಾಟಿ ಜೋಡುಪಾಲದ ಕಡೆ ತಿರುವುಗಳು ಶುರುವಾದಲ್ಲಿ, ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ಒಮ್ಮೆಲೇ ಅವಳ ಎರಡೂ ಕೈ ಸೊಂಟವನ್ನು ಗಟ್ಟಿ ಹಿಡಿದವು.

ಮುಂದೆ ಒಂದು ತರಕಾರಿ ವ್ಯಾನು ನಿಂತಿತ್ತು. ಅದರ ಆಚೆ, ನೂರು ಹೆಜ್ಜೆ ದೂರದಲ್ಲಿ, ರಸ್ತೆಯ ನಡುವೆ ಆನೆ.

ಅಚ್ಚುತ ಎಂಜಿನ್ ನಿಲ್ಲಿಸಿದ. ವ್ಯಾನಿನವನೂ ನಿಲ್ಲಿಸಿದ. ಹಿಂದೆ ಬಂದ ಎರಡು ಕಾರುಗಳೂ ನಿಂತವು. ಹೆಣ್ಣಾನೆ. ಅದು ಗುಡ್ಡದಿಂದ ಇಳಿದು ಹೊಳೆಯ ಕಡೆ ಹೋಗುವ ದಾರಿಯಲ್ಲಿತ್ತು. ಆದರೆ ಅದರ ಮರಿ ಇನ್ನೂ ಮೇಲೆಯೇ, ರಸ್ತೆಗೆಂದು ಕಡಿದ ಎತ್ತರದ ಮಣ್ಣಿನ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿತ್ತು. ಮುಂಗಾಲು ಇಡುತ್ತಿತ್ತು, ಮಣ್ಣು ಜಾರಿದ ಕೂಡಲೇ ಹಿಂದೆಗೆಯುತ್ತಿತ್ತು. ತಾಯಿ ಅಲುಗಲಿಲ್ಲ. ವಾಹನಗಳ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡಕ್ಕೆ ಮುಖ ಮಾಡಿ ಕಿವಿ ಅಗಲಿಸಿ ನಿಂತಿತು.

ಆಗ ಅಚ್ಚುತನ ಎದೆಯೊಳಗೆ ಏನೋ ಶುರುವಾಯಿತು. ಎಂಜಿನ್ ನಡುಕ ಇನ್ನೂ ಉಳಿದಿದೆ ಎಂದು ಮೊದಲು ಭಾವಿಸಿದ. ಟ್ಯಾಂಕ್ ಮುಟ್ಟಿ ನೋಡಿದ, ಅದು ಸುಮ್ಮನಿತ್ತು. ಇದು ಎಂಜಿನ್ನಿನ ಹಾಗೆ ತುಂಡು ತುಂಡಾಗಿರಲಿಲ್ಲ. ಒಂದೇ ಉದ್ದಕ್ಕೆ, ಅಡಿಯಲ್ಲೆಲ್ಲೋ, ಗಾಳಿಯೇ ದಪ್ಪವಾದ ಹಾಗೆ ಬಂತು. ಎದೆಗೂಡಿನಲ್ಲಿ ತುಂಬಿ, ಸ್ವಲ್ಪ ನಿಂತು, ಹಿಂದೆ ಸರಿಯಿತು. ಮೇಲೆ ಮರಿ ತಲೆ ಎತ್ತಿತು.

ಅವನು ತಿರುಗಿ ಹೆಂಡತಿಯ ಮುಖ ನೋಡಿದ. "ಕೇಳ್ತಾ?"

"ಮೆಲ್ಲ ಮಾತಾಡಿ ಮಾರಾಯ್ರೆ" ಎಂದವು ಅವಳ ತುಟಿಗಳು. "ಎಂತ ಕೇಳುದು? ಎಂತದೂ ಇಲ್ಲ."

ಇನ್ನೊಮ್ಮೆ ಬಂತು. ಈ ಸಲ ಉದ್ದ ಹೆಚ್ಚು. ಮರಿ ಅಂಚಿನವರೆಗೆ ಬಂದು ಕುಳಿತಂತೆ ಹಿಂಗಾಲು ಮಡಚಿತು. ಮೂರನೆಯ ಸಲ ಬಂದಾಗ ಅಚ್ಚುತನ ಕಣ್ಣಲ್ಲಿ ನೀರು ನಿಂತಿತ್ತು. ಹೆದರಿಕೆಯಿಂದಲ್ಲ. ತಾಯಿ ಮರಿಯನ್ನು ಕರೆಯುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಮರಿ ಮುಂಗಾಲು ಚಾಚಿ, ಕೂತ ಭಂಗಿಯಲ್ಲೇ ಕೆಂಪು ಮಣ್ಣನ್ನು ಕೆದರಿಕೊಂಡು ಜಾರಿ ರಸ್ತೆಗೆ ಬಿತ್ತು, ಎದ್ದಿತು. ತಾಯಿ ಸೊಂಡಿಲಿನಿಂದ ಅದರ ಬೆನ್ನು ಮುಟ್ಟಿ ನೋಡಿತು. ಎರಡೂ ಹೊಳೆಯ ಬದಿಯ ಕಾಡಿಗೆ ಇಳಿದುಹೋದವು. ಅಲುಗುತ್ತಿದ್ದ ಬಿದಿರು ನಿಂತಿತು.

ವ್ಯಾನಿನ ಡ್ರೈವರ್ ಕೆಳಗಿಳಿದು ಬೆವರು ಒರೆಸಿಕೊಂಡ. "ಪುಣ್ಯಕ್ಕೆ ಒಂದು ಶಬ್ದ ಮಾಡ್ಲಿಲ್ಲ. ಕೂಗಿದ್ರೆ ನಾವೆಲ್ಲ ವಾಹನ ಬಿಟ್ಟು ಓಡಬೇಕಿತ್ತು."

"ಕೂಗಿತಲ್ಲ!" ಎಂದ ಅಚ್ಚುತ. "ಮೂರು ಸಲ ಕರೀತು. ಮೂರನೇ ಸಲಕ್ಕೆ ಮರಿ ಇಳಿದದ್ದು."

ಡ್ರೈವರ್ ಶೀಲಾವತಿಯ ಮುಖ ನೋಡಿದ. ಇವರಿಗೆ ಕಿವಿ ಕೇಳುವುದಿಲ್ಲ ಎಂದು ಬೇರೆಯವರಿಗೆ ಹೇಳಿ ಅಭ್ಯಾಸವಾದವಳು ಅವಳು. ಈಗ ಹಾಗೆ ಹೇಳಲಿಲ್ಲ. ಮದುವೆಯಾದಂದಿನಿಂದ ಕುಕ್ಕರಿನ ಸೀಟಿ, ತೊಟ್ಟಿಲಿನ ಅಳು, ಬಾಗಿಲು ತಟ್ಟಿದ್ದು, ಮಳೆ ಶುರುವಾದದ್ದು ಎಲ್ಲವನ್ನೂ ಅವನಿಗೆ ಮುಟ್ಟಿಸಿದ್ದು ಅವಳೇ. ಹೆಲ್ಮೆಟ್ ತೆಗೆದು ಅವನ ಎದುರಿಗೆ ಬಂದು ನಿಂತಳು.

"ಹೇಗೆ ಕರೀತು? ನಂಗೆ ಹೇಳಿ."

ಅವನು ಹೇಳಲು ನೋಡಿದ. ಬಾಯಲ್ಲಿ ಆಗಲಿಲ್ಲ. ಅವಳ ಬೆನ್ನಿನ ಮೇಲೆ, ಹೆಗಲುಗಳ ನಡುವೆ, ಅಂಗೈ ಅಗಲವಾಗಿ ಇಟ್ಟು, ಬಾಯಿ ಮುಚ್ಚಿಯೇ ಗಂಟಲಿನ ಕೆಳಗಿನಿಂದ ಉದ್ದಕ್ಕೆ ಒಂದು ಸ್ವರ ಹೊರಡಿಸಿದ. ಕಾರಿನವರು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದಳು.

ಆಮೇಲೆ ಬೈಕು ಶುರುವಾಗಲಿಲ್ಲ. ಘಾಟಿ ಏರಿ ಕಾದ ಎಂಜಿನ್ನಿಗೆ ಬೇರೆಯೇ ಹದ, ಅದನ್ನು ಅಚ್ಚುತ ಕಲಿತಿರಲಿಲ್ಲ. ಒದ್ದು ಒದ್ದು ಕಾಲು ಸೋತಿತು. ಕೊನೆಗೆ ವ್ಯಾನಿನವನೇ ಉಪಾಯ ಹೇಳಿದ. ಇಳಿಜಾರಿಗೆ ತಿರುಗಿಸಿ ಇಬ್ಬರೂ ಕೂತು ಬಿಟ್ಟರು, ವೇಗ ಬಂದಾಗ ಕ್ಲಚ್ಚು ಬಿಟ್ಟ, ಎಂಜಿನ್ ಎದ್ದಿತು. ಆದರೆ ಮುಖ ಆಗಲೇ ಸುಳ್ಯದ ಕಡೆ. ನಿಲ್ಲಿಸಿ ತಿರುಗಿಸುವ ಧೈರ್ಯ ಯಾರಿಗೆ? ಶೀಲಾವತಿ ಬೆನ್ನಿಗೆ ಒಂದು ಸಲ ಮೆಲ್ಲ ತಟ್ಟಿದಳು. ಹಿಂದೆ ಯಾವ ವಾಹನವೂ ಇಲ್ಲ ಎಂದು ಕನ್ನಡಿಯಲ್ಲಿ ಕಾಣುತ್ತಿತ್ತು.

ಸಂಪಾಜೆಯಲ್ಲಿ ಚೆಕ್‌ಪೋಸ್ಟಿನ ಗೇಟಿನ ಬಳಿಯ ಹೋಟೆಲಿನಲ್ಲಿ ಅವರು ಬನ್ಸು, ಚಹಾ ತೆಗೆದುಕೊಂಡರು. ಬೈಕು ನೋಡಲು ಬಂದವರಿಗೆಲ್ಲ ಶೀಲಾವತಿಯೇ ಉತ್ತರ ಹೇಳಿದಳು. ಇಂಗ್ಲೆಂಡಿನದ್ದು, ಐವತ್ತೊಂಬತ್ತನೇ ಇಸವಿ, ಗುಡ್ಡ ಹಾರುವ ಬೈಕು, ಹೌದು, ಇವರೇ ಓಡಿಸುದು. ಮಡಿಕೇರಿಗೆ ಅವರು ಆಮೇಲೆ, ಬಿಸಿ ಎಂಜಿನ್ ಎಬ್ಬಿಸುವ ಗುಟ್ಟನ್ನು ಚೇಟನ ಹತ್ತಿರ ಕಲಿತು, ಮಾರ್ಚಿನಲ್ಲಿ ಹೋಗಿಬಂದರು. ಆ ಸಲ ಆನೆ ಕಾಣಲಿಲ್ಲ. ಜೋಡುಪಾಲದ ಆ ತಿರುವಿನಲ್ಲಿ ಇಬ್ಬರೂ ಇಳಿದು ಗುಡ್ಡಕ್ಕೆ ಮುಖ ಮಾಡಿ ನಿಂತರು. ಅಚ್ಚುತನ ಎದೆಯೊಳಗೆ ಏನೂ ಬರಲಿಲ್ಲ. ಬಿಸಿಲು ಏರುತ್ತಿತ್ತು, ಅವರು ಮುಂದೆ ಹೋದರು.